ಮರ ಎಷ್ಟು, ನೆಟ್ಟವರು ಯಾರು?

ಶಾಲೆಯಲ್ಲಿ ನನ್ನ ಮೇಜಿನ ಮೇಲೆ ಒಂದು ತೆಂಗಿನಕಾಯಿ ಇರುತ್ತದೆ. ಪೂಜೆಗಲ್ಲ, ಚಟ್ನಿಗೂ ಅಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದು, ನೀರೆಲ್ಲ ಇಂಗಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡ ಕಾಯಿ ಅದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ನಮ್ಮ ಕಡೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನೋಡುವುದು ಹೀಗೇ. ನಾನು ಅದನ್ನು ಮಕ್ಕಳ ಬಾಯಿ ಮುಚ್ಚಿಸಲು ಬಳಸುತ್ತೇನೆ. ಒಂದು ಸಲ ಅಲ್ಲಾಡಿಸಿದೆ ಎಂದರೆ ಒಂಬತ್ತನೆಯ ತರಗತಿ ಕೈ ಕಟ್ಟಿಕೊಂಡು ನನ್ನ ಕಡೆ ನೋಡಬೇಕು. ನೋಡುತ್ತದೆ ಕೂಡ. ಮಕ್ಕಳು ಅದಕ್ಕೆ ಗಡಗಡ ಕಾಯಿ ಎಂದು ಹೆಸರಿಟ್ಟಿದ್ದಾರೆ. ನನಗೂ ಅದೇ ಹೆಸರು ಇಟ್ಟಿದ್ದಾರೆ ಎಂದು ನನ್ನ ಗುಮಾನಿ.

ತುರುವೇಕೆರೆಯಲ್ಲಿ ಚರಿತ್ರೆಯ ಟೀಚರು ನಾನು. ಚರಿತ್ರೆ ಎಂದರೆ ಇಸವಿ, ಯುದ್ಧ, ಒಪ್ಪಂದ ಎಂದು ಹೆದರುವ ಮಕ್ಕಳೇ ಹೆಚ್ಚು. ಆದ್ದರಿಂದ ಮೊದಲ ದಿನವೇ ನನ್ನ ಕಾನೂನುಗಳನ್ನು ಹೇಳಿಬಿಡುತ್ತೇನೆ. ಬಾಗಿಲಲ್ಲಿ ನೂಕಾಡಬಾರದು. ಶನಿವಾರದ ಹೋಂವರ್ಕ್ ತಪ್ಪಿಸಬಾರದು. ಉತ್ತರ ಹೇಳಿದರೆ ಪೂರ್ತಿ ವಾಕ್ಯದಲ್ಲಿ ಹೇಳಬೇಕು. ‘ಗೊತ್ತಿಲ್ಲ ಮಿಸ್’ ಎನ್ನಬಹುದು, ‘ಮರ್ತೋಯ್ತು ಮಿಸ್’ ಎನ್ನಬಾರದು, ಏಕೆಂದರೆ ಮೊದಲನೆಯದು ಸತ್ಯ, ಎರಡನೆಯದು ಬಹುತೇಕ ಸುಳ್ಳು. ಕೈ ಎತ್ತದೆ ಮಾತಾಡಿದವರು, ನಾನು ಬೈಯುವುದಕ್ಕೆ ಕಾಯದೆ, ತಾವಾಗಿಯೇ ಎದ್ದು ಕೈ ಕಟ್ಟಿ ನಿಲ್ಲಬೇಕು. ಮತ್ತೆ ಕಾಯಿ ಅಲ್ಲಾಡಿದ ಮೇಲೆ ಕೂರಬಹುದು. ಇಷ್ಟು ಹೇಳಿ ನಾನು ಕುರ್ಚಿಯಲ್ಲಿ ಕೂರುತ್ತೇನೆ. ಎರಡು ವರ್ಷದಿಂದ ಮಂಡಿ ನೋವು. ನಿಂತು ಪಾಠ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗೆಂದು ಮಕ್ಕಳಿಗೂ ಹೇಳಿದ್ದೇನೆ, ಇಲ್ಲದಿದ್ದರೆ ಮಿಸ್ ಸೋಮಾರಿ ಎಂದುಕೊಳ್ಳುತ್ತಾರೆ.

ಮೊದಲ ದಿನದ ಇನ್ನೊಂದು ಕ್ರಮ ಉಂಟು. ಅದರ ಬಗ್ಗೆ ನನಗೆ ಮೊನ್ನೆ ಮೊನ್ನೆಯವರೆಗೂ ಬಹಳ ಹೆಮ್ಮೆ ಇತ್ತು. ಪ್ರತಿಯೊಬ್ಬರೂ ಎದ್ದು ಹೆಸರು, ಊರು ಹೇಳಿ, ಮನೆಯಲ್ಲಿ ತೆಂಗಿನ ಮರ ಎಷ್ಟಿವೆ, ಅವನ್ನು ನೆಟ್ಟವರು ಯಾರು ಎಂದು ಹೇಳಬೇಕು. ‘ತಾತ ನೆಟ್ಟಿದ್ದು ಮಿಸ್’, ‘ಮುತ್ತಾತ ಮಿಸ್’ ಎನ್ನುತ್ತಾರೆ. ‘ನೋಡಿದ್ರಾ, ನಿಮ್ಮನೆ ಚರಿತ್ರೆ ನಿಮ್ಮ ಹಿತ್ತಲಲ್ಲೇ ನಿಂತಿದೆ’ ಎಂದು ನಾನು ಹೇಳುತ್ತೇನೆ. ಚೆನ್ನಾಗಿಲ್ಲವೇ? ತರಬೇತಿಯೊಂದರಲ್ಲಿ ಇದನ್ನು ಹೇಳಿ ಚಪ್ಪಾಳೆ ಕೂಡ ಗಿಟ್ಟಿಸಿದ್ದೆ. ಕೊನೆಗೆ ನನ್ನ ಸರದಿ. ‘ನಮ್ಮದು ಕೆಂಕೆರೆ ಕಡೆ. ಮುನ್ನೂರು ಮರ. ನಮ್ಮ ತಾತ ನೆಟ್ಟಿದ್ದು’ ಎಂದು ಹೇಳಿ ಮುಗಿಸುತ್ತೇನೆ. ಮುನ್ನೂರು ಎಂದ ತಕ್ಷಣ ಮಕ್ಕಳ ಮುಖದಲ್ಲಿ ಒಂದು ಮರ್ಯಾದೆ ಮೂಡುತ್ತದೆ. ಆ ಮರ್ಯಾದೆ ವರ್ಷಪೂರ್ತಿ ಬಾಳುತ್ತದೆ.

ಮರ ಎಷ್ಟು ಎಂದು ಕೇಳುವುದು ನಾನು ಕಂಡುಹಿಡಿದ ವಿದ್ಯೆಯೇನಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರೂ ಕಡೆ ಬೇರೆಯವರು ಹೇಗಿದ್ದೀರಿ ಎಂದು ಕೇಳುವಷ್ಟೇ ಸಲೀಸಾಗಿ ನಮ್ಮವರು ಮರ ಎಷ್ಟು ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ಹಲ್ಲು ಕೀಳುವ ಡಾಕ್ಟರು ನನ್ನ ಬಾಯಿ ತೆರೆಸಿಟ್ಟುಕೊಂಡು ಕೇಳಿದ್ದರು. ನಮ್ಮಮ್ಮನಂತೂ ಮನೆಗೆ ಬಂದವರಿಗೆ ನೀರು ಕೊಡುವುದಕ್ಕೂ ಮೊದಲು ಕೇಳುತ್ತಿದ್ದಳು. ನೆಂಟರಲ್ಲಿ ಯಾರ ಹೆಸರು ಮರೆತರೂ ಅವರ ಮರದ ಲೆಕ್ಕ ಮರೆಯುತ್ತಿರಲಿಲ್ಲ.

ನನ್ನ ಮದುವೆಯ ಮಾತುಕತೆ ಅವಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಹುಡುಗನನ್ನು ನೋಡಿಕೊಂಡು ಬಂದ ಅಪ್ಪನನ್ನು ಅವಳು ಹೊಸ್ತಿಲಲ್ಲೇ ನಿಲ್ಲಿಸಿ, ‘ಹುಡ್ಗ ಏನೋ ಸರಿ, ಮರ ಎಷ್ಟವೆ?’ ಎಂದಳು.

‘ಮರ ಇಲ್ಲ ಕಣೇ. ಪೋಸ್ಟಾಫೀಸ್ನಲ್ಲಿ ಕೆಲ್ಸ.’

‘ಒಂದೂ ಇಲ್ವಾ?’

‘ಇಲ್ಲ ಅಂದ್ನಲ್ಲ.’

ಅಮ್ಮ ಹುಡುಗನ ಗುಣ, ಸಂಬಳ, ಮನೆ ಯಾವುದನ್ನೂ ಕೇಳದೆ, ‘ಹಂಗಾರೆ ಕಾಯಿಗೇನ್ ಮಾಡ್ತಾಳೆ?’ ಎಂದಳು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಬುದ್ಧಿ ಬಲಿತಿರಲಿಲ್ಲ ಎನ್ನಿ.

ಕಾಯಿಗೆ ಏನು ಮಾಡಿದೆ ಎಂದರೆ, ಅಪ್ಪ ಇರುವವರೆಗೆ ಏನೂ ಮಾಡಬೇಕಾಗಿ ಬರಲಿಲ್ಲ. ಯಾರಾದರೂ ಈ ಕಡೆ ಬರುವವರ ಗಾಡಿಯಲ್ಲಿ ಒಂದು ಚೀಲ ಬಂದುಬಿಡುತ್ತಿತ್ತು. ನಾನು ಬೀದಿಗೆಲ್ಲ ಕಾಣುವ ಹಾಗೆ ಚೀಲವನ್ನು ಜಗುಲಿಯಲ್ಲಿ ಅರ್ಧ ದಿನ ಬಿಟ್ಟು ಆಮೇಲೆ ಒಳಗೆ ಎಳೆದುಕೊಳ್ಳುತ್ತಿದ್ದೆ. ಅಪ್ಪ ಹೋದ ಮೇಲೆ ತೋಟ ಅಣ್ಣಂದಿರಿಗೆ ಹೋಯಿತು. ಅವರು ಕೆಟ್ಟವರಲ್ಲ. ಮೊದಮೊದಲು ಚೀಲ ಬಂತು, ಆಮೇಲೆ ಹಬ್ಬಕ್ಕೆ ಬಂತು, ಆಮೇಲೆ ನಾನು ಹೋದಾಗ ಕೈಗೆ ಎರಡು ಕಾಯಿ ಬಂದವು. ಕೇಳಿದರೆ ಇವತ್ತೂ ಕೊಡುತ್ತಾರೆ. ಕೇಳುವುದು ಹೇಗೆ ಹೇಳಿ? ಶಾಲೆಯ ಗಡಗಡ ಕಾಯಿ ಅಪ್ಪನ ಅಟ್ಟದಿಂದ ನಾನು ಕೊನೆಯ ಸಲ ತಂದದ್ದು.

ಈಗ ನಾನು ಕಾಯಿ ಕೊಂಡುಕೊಳ್ಳುತ್ತೇನೆ. ಇದನ್ನು ಬೇರೆ ಸೀಮೆಯವರು ಓದಿದರೆ ಅದಕ್ಕೇನೀಗ ಎಂದಾರು. ನಮ್ಮ ಸೀಮೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಸುತ್ತ ಎತ್ತ ನೋಡಿದರೂ ತೆಂಗೇ ಇರುವ ಊರಿನಲ್ಲಿ ಅಂಗಡಿಗೆ ಹೋಗಿ ಕಾಸು ಕೊಟ್ಟು ಒಂದು ಕಾಯಿ ತರುವುದೆಂದರೆ, ಕೆರೆ ಏರಿಯ ಮೇಲೆ ನಿಂತು ಬಾಟಲಿ ನೀರು ಕೊಂಡು ಕುಡಿದಂತೆ. ನಮ್ಮ ಬೀದಿಯ ಅಂಗಡಿಯಲ್ಲಿ ನಾನು ಇಂದಿಗೂ ಕಾಯಿ ಕೇಳಿಲ್ಲ. ಬಸ್‌ಸ್ಟ್ಯಾಂಡಿನ ಆಚೆ ಪರಿಚಯವಿಲ್ಲದ ಅಂಗಡಿಗೆ ಹೋಗುತ್ತೇನೆ. ಕಾಯಿಯನ್ನು ಚೀಲದ ತಳಕ್ಕೆ ಹಾಕಿ ಮೇಲೆ ಸೊಪ್ಪು ಮುಚ್ಚುತ್ತೇನೆ. ನಮ್ಮ ಯಜಮಾನರು, ‘ಕಳ್ಳಸಾಗಣೆ ಮುಗೀತಾ?’ ಎಂದು ಕೇಳುತ್ತಾರೆ. ಅವರಿಗೇನು, ಹುಟ್ಟಿದಾಗಿನಿಂದ ಕೊಂಡ ಕಾಯಿಯನ್ನೇ ತಿಂದು ಬೆಳೆದವರು.

ಎಲ್ಲಿಂದ ಎಲ್ಲಿಗೋ ಬಂದೆ. ಹೇಳಬೇಕಾದದ್ದನ್ನು ಮುಂದೆ ತಳ್ಳುವಾಗ ನನಗೆ ಹೀಗೆ ಮಾತು ಹೆಚ್ಚಾಗುತ್ತದೆ.

ಈ ವರ್ಷ ಜೂನ್‌ನಲ್ಲಿ ಮರದ ಲೆಕ್ಕ ಒಪ್ಪಿಸುವ ಕಾರ್ಯಕ್ರಮದಲ್ಲಿ ಲಾವಣ್ಯ ಎಂಬ ಹುಡುಗಿ ಎದ್ದು ನಿಂತಳು. ಸಂಪಿಗೆ ಊರ ಕಡೆಯಿಂದ ಬಸ್ಸಿನಲ್ಲಿ ಬರುವವಳು, ಎರಡು ಜಡೆ, ಗಟ್ಟಿ ಗಂಟಲು. ‘ನಲವತ್ತು ಮರ ಮಿಸ್. ನಮ್ಮಪ್ಪಾನೇ ನೆಟ್ಟಿದ್ದು’ ಎಂದಳು. ಎಲ್ಲರೂ ತಾತ, ಮುತ್ತಾತ ಎನ್ನುತ್ತಿರುವಾಗ ಇವಳೊಬ್ಬಳ ಅಪ್ಪ, ಇನ್ನೂ ಬದುಕಿರುವ ಮನುಷ್ಯ, ಸ್ವತಃ ನೆಟ್ಟಿದ್ದಾನೆ! ನಾನು ಬಹಳ ಮೆಚ್ಚಿದೆ. ‘ನಿಮ್ಮಪ್ಪ ಚರಿತ್ರೆ ಸೃಷ್ಟಿ ಮಾಡ್ತಿದಾರೆ ಕಣಮ್ಮ’ ಎಂದೆ. ಹುಡುಗಿ ಅರಳಿ ಕೂತಳು. ಅವತ್ತಿನಿಂದ ನನ್ನ ಪ್ರಶ್ನೆಗೆಲ್ಲ ಮೊದಲು ಏಳುವ ಕೈ ಅವಳದೇ.

ದೀಪಾವಳಿ ಕಳೆದ ಮೇಲೆ ಅಮೆರಿಕದ ಪಾಠ ಬಂತು. ಅಮೆರಿಕದಲ್ಲಿ ಬ್ರಿಟಿಷರ ವಸಾಹತುಗಳು, ಸಮುದ್ರದಾಚೆ ಕೂತ ರಾಜ, ಅವನು ಹಾಕಿದ ತೆರಿಗೆ, ನಮ್ಮನ್ನು ಕೇಳದೆ ತೆರಿಗೆ ಹಾಕಲು ನೀನ್ಯಾರು ಎಂದು ಜನ ತಿರುಗಿಬಿದ್ದದ್ದು. ನಾನು ರಂಗಾಗಿ ಹೇಳಿದೆ. ಹಡಗಿನಿಂದ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು ಎಂದಾಗ ಚೇತನ್ ಎನ್ನುವ ಹುಡುಗ ಕೈ ಎತ್ತಿ, ‘ಸಮುದ್ರಕ್ಕ್ಯಾಕ್ ಹಾಕಿದ್ರು ಮಿಸ್, ಮನೆಗಾದ್ರೂ ತಗಂಡೋಗ್ಬಾರ್ದಿತ್ತಾ?’ ಎಂದ. ತೋಟದ ಯಜಮಾನರ ಮಗ, ದಂಡ ಮಾಡುವುದನ್ನು ಸಹಿಸಲಾರ.

ಮಾರನೆಯ ದಿನ ನನಗೊಂದು ಉತ್ಸಾಹ ಹುಟ್ಟಿತು. ಇಂಥ ಉತ್ಸಾಹ ನನಗೆ ಹುಟ್ಟಿದಾಗೆಲ್ಲ ಯಾರಿಗೋ ಒಬ್ಬರಿಗೆ ಕೇಡಾಗಿದೆ. ಆ ಕಾಲದ ಅಮೆರಿಕದಲ್ಲಿ ಬಹುಪಾಲು ಕಡೆ ಓಟು ಇದ್ದದ್ದು ಆಸ್ತಿಪಾಸ್ತಿ ಇದ್ದ ಗಂಡಸರಿಗೆ ಮಾತ್ರ ಎಂದು ಹೇಳಬೇಕಿತ್ತು. ಸುಮ್ಮನೆ ಹೇಳಿದರೆ ಮಕ್ಕಳಿಗೆ ತಾಗುವುದಿಲ್ಲ, ಆಡಿಸೋಣ ಎಂದುಕೊಂಡೆ. ‘ಇವತ್ತು ಈ ಕ್ಲಾಸೇ ವಸಾಹತು. ನನ್ನ ಕಾನೂನುಗಳಲ್ಲಿ ಒಂದನ್ನ ನೀವು ಓಟು ಹಾಕಿ ತೆಗೆದುಹಾಕಬಹುದು. ಆದ್ರೆ ಆಸ್ತಿ ಇದ್ದೋರಿಗೆ ಮಾತ್ರ ಓಟು. ಮನೇಲಿ ತೆಂಗಿನಮರ ಇರೋರು ಕಿಟಕಿ ಕಡೆ, ಇಲ್ಲದೋರು ಗೋಡೆ ಕಡೆ’ ಎಂದೆ. ಹೆಂಗಸರಿಗೆ ಓಟಿಲ್ಲ ಎಂದರೆ ಅರ್ಧ ಕ್ಲಾಸೇ ಖಾಲಿಯಾಗುತ್ತಿತ್ತು. ಆ ಷರತ್ತನ್ನು ಮಾತ್ರ ಧಾರಾಳವಾಗಿ ಸಡಿಲಿಸಿದೆ.

ಗಲಾಟೆಯೋ ಗಲಾಟೆ. ಕಿಟಕಿ ಕಡೆ ನೂಕುನುಗ್ಗಲು. ಗೋಡೆ ಕಡೆ ಕೆಲವೇ ಮಕ್ಕಳು, ಒಬ್ಬರ ಹಿಂದೆ ಒಬ್ಬರು ಅಡಗುವ ಹಾಗೆ ನಿಂತಿದ್ದರು. ಅವರ ಮುಖ ನಾನು ನೋಡಬೇಕಿತ್ತು. ನನ್ನ ಆಟ ಎಷ್ಟು ಸೊಗಸಾಗಿ ನಡೆಯುತ್ತಿದೆ ಎಂದು ನೋಡುತ್ತಿದ್ದೆ. ಯಾರೋ, ‘ಮಿಸ್, ನೀವು ಯಾವ ಕಡೆ?’ ಎಂದು ಕೂಗಿದರು. ‘ನಾನು ರಾಜ ಕಳಿಸಿದ ಗವರ್ನರ್ ಕಣ್ರೋ, ನಂಗೆ ಕಡೆ ಗಿಡೆ ಇಲ್ಲ’ ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕು ಪಾರಾದೆ.

ಲಾವಣ್ಯ ಕಿಟಕಿ ಕಡೆ ನಿಂತಿದ್ದಳು. ಅವಳ ಪಕ್ಕ ಬಂದು ನಿಂತ ಚೇತನ್, ‘ನೀನ್ಯಾಕೆ ಈ ಕಡೆ ಬಂದೆ?’ ಎಂದ.

‘ನಮ್ದು ನಲ್ವತ್ತು ಮರ ಐತೆ ಕಣ್ಲಾ.’

‘ಅವು ನಮ್ ಮರ ಕಣೇ. ನಿಮ್ಮಪ್ಪ ನಮ್ ತೋಟ ನೋಡ್ಕಳೋರು ಅಷ್ಟೆ. ಮನೆನೂ ನಮ್ದೇಯ. ಬೇಕಾರೆ ಕೇಳ್ರಿ ಮಿಸ್.’

ಅವನು ಕೇಡಿನಿಂದ ಹೇಳಲಿಲ್ಲ. ನಿಯಮ ಹೇಳಿದ್ದು ನಾನು, ಅವನು ಪಾಲಿಸಿದ, ಅಷ್ಟೇ. ತರಗತಿ ನನ್ನ ಕಡೆ ನೋಡಿತು. ಆಗ ನಾನು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ನಗುನಗುತ್ತಾ, ಆಟದ ಗತ್ತಿನಲ್ಲೇ, ‘ಹಾಗಾದ್ರೆ ಆ ಕಡೆ ಹೋಗಮ್ಮ, ಕಾನೂನು ಅಂದ್ರೆ ಕಾನೂನು’ ಎಂದು ಗೋಡೆಯ ಕಡೆ ಕೈ ತೋರಿಸಿದೆ. ಅವಳು ಬೆಂಚುಗಳ ನಡುವೆ ನಡೆದುಕೊಂಡು ಹೋದಳು. ಕಿಟಕಿ ಕಡೆಯವರು ಓಟು ಹಾಕಿ ಶನಿವಾರದ ಹೋಂವರ್ಕನ್ನು ರದ್ದು ಮಾಡಿ ಕುಣಿದರು. ನಾನು ಕಾಯಿ ಅಲ್ಲಾಡಿಸಿ, ನೋಡಿದ್ರಾ ಆಸ್ತಿ ಇಲ್ಲದವರಿಗೆ ಎಷ್ಟು ಅನ್ಯಾಯವಾಗಿತ್ತು ಎಂದು ಬಹಳ ಚೆನ್ನಾಗಿ ವಿವರಿಸಿದೆ. ಅವತ್ತು ಸ್ಟಾಫ್ ರೂಮಿನಲ್ಲಿ ಇದನ್ನೇ ವರ್ಣಿಸಿ ಟೀ ಕುಡಿದೆ.

ಮಾರನೆಯ ದಿನ ಲಾವಣ್ಯ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಜ್ವರವಿರಬಹುದು ಎಂದುಕೊಂಡೆ. ಪ್ರಶ್ನೆ ಕೇಳಿದಾಗ ಮೊದಲು ಏಳುವ ಕೈ ಏಳದೆ, ತರಗತಿ ಭಣಭಣ ಎನ್ನತೊಡಗಿದಾಗ ನನಗೆ ಸ್ವಲ್ಪ ಸ್ವಲ್ಪವೇ ಹೊಳೆಯಿತು. ನಾನು ಜೂನ್‌ನಲ್ಲಿ ಕೇಳಿದ್ದು ಎರಡು ಪ್ರಶ್ನೆ, ಮರ ಎಷ್ಟು, ನೆಟ್ಟವರು ಯಾರು. ಹುಡುಗಿ ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು? ಗುಂಡಿ ತೋಡಿ, ಸಸಿ ಇಟ್ಟು, ನೀರು ಹೊತ್ತು ಹಾಕಿದವನು ಅವಳ ಅಪ್ಪನೇ. ಬೇಕಾದರೆ ನನ್ನ ಉತ್ತರವನ್ನೇ ಪಕ್ಕಕ್ಕಿಟ್ಟು ನೋಡಿ. ಮುನ್ನೂರು ಮರ, ತಾತ ನೆಟ್ಟಿದ್ದು. ಅದರಲ್ಲಿ ಒಂದು ಗರಿಯೂ ನನ್ನದಲ್ಲ. ಅವಳು ಗೋಡೆ ಕಡೆ ನಡೆದಳು, ನಾನು ಗವರ್ನರ್ ಆದೆ.

ವಾರ ಕಳೆಯುವ ಹೊತ್ತಿಗೆ ಅವಳ ತಾಯಿ ಅವಳನ್ನು ಕರೆದುಕೊಂಡು ಬಂದಳು. ಊಟದ ಹೊತ್ತು, ತರಗತಿಯಲ್ಲಿ ನಾನೊಬ್ಬಳೇ ಇದ್ದೆ. ಜಗಳಕ್ಕೆ ಬಂದಳು ಎಂದುಕೊಂಡೆ, ಬೈಸಿಕೊಳ್ಳಲು ಮನಸ್ಸನ್ನು ಗಟ್ಟಿ ಮಾಡಿಕೊಂಡೆ. ಬೈದಿದ್ದರೆ ಎಷ್ಟೋ ಸುಖವಿತ್ತು. ಆಕೆ ಬಾಗಿಲಲ್ಲೇ ನಿಂತು, ‘ತಪ್ಪಾಯ್ತು ಮೇಡಮ್ಮೋರೆ. ಮರ ನಮ್ದು ಅಂತ ಸುಳ್ಳೇಳ್ಬುಟ್ಟವ್ಳೆ. ಚಿಕ್ಕುಡ್ಗಿ, ಹೊಟ್ಟೆಗಾಕ್ಕಳಿ. ಇಸ್ಕೂಲ್ಗೆ ಹೋಗಲ್ಲ ಅಂತ ಕುಂತವ್ಳೆ’ ಎಂದಳು.

‘ಅವಳು ಸುಳ್ಳು ಹೇಳಿಲ್ಲಮ್ಮ. ನೆಟ್ಟವರು ಯಾರು ಅಂತ ನಾನೇ ಕೇಳಿದ್ದೆ. ತಪ್ಪು ನಂದು’ ಎಂದೆ. ಆಕೆ ನಂಬಲಿಲ್ಲ. ಮೇಡಮ್ಮು ದೊಡ್ಡ ಮನಸ್ಸಿನಿಂದ ಹೇಳುತ್ತಿದ್ದಾರೆ ಎಂದುಕೊಂಡಳು. ಅದರಿಂದ ನನಗೆ ಇನ್ನೂ ನಾಚಿಕೆಯಾಯಿತು. ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದೆ. ಲಾವಣ್ಯ ಮೇಜಿನ ಪಕ್ಕ ನೆಲ ನೋಡುತ್ತಾ ನಿಂತಿದ್ದಳು. ಏನಾದರೂ ಮಾತಾಡಬೇಕಲ್ಲ ಎಂದು ತಾಯಿ, ನಮ್ಮ ಸೀಮೆಯ ಎಲ್ಲ ಒಳ್ಳೆಯ ಜನ ಕೇಳುವ ಹಾಗೆ, ‘ನಿಮ್ದು ಎಷ್ಟು ಮರ ಮೇಡಮ್ಮೋರೆ?’ ಎಂದಳು.

ಮುನ್ನೂರು ಎನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೇ ಬಂದಿತ್ತು. ಲಾವಣ್ಯ ಒಂದು ಸಲ ತಲೆ ಎತ್ತಿ ನೋಡಿದಳು.

‘ಒಂದೂ ಇಲ್ಲಮ್ಮ. ಅವು ಅಪ್ಪನ ಮನೇವು. ಈಗ ಅಣ್ಣಂದಿರದು.’

ಆಕೆಯ ಮುಖದಲ್ಲಿ ಮೂಡಿದ ಮರುಕವನ್ನು ಹೇಗೆ ವರ್ಣಿಸಲಿ! ನನಗೆ ಯಾವುದೋ ದೊಡ್ಡ ಕಾಯಿಲೆ ಇದೆ ಎಂದು ಕೇಳಿದವರ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡಳು. ‘ಅಯ್ಯೋ! ಮತ್ತೆ ಕಾಯಿಗೇನ್ ಮಾಡ್ತೀರಿ?’

ಅಮ್ಮ ಹೊಸ್ತಿಲಲ್ಲಿ ನಿಂತು ಕೇಳಿದ್ದ ಮಾತು. ಈ ಸಲ ನಗು ಬರಲಿಲ್ಲ.

‘ಅಂಗಡೀಲಿ ತರ್ತೀನಿ.’

‘ಕೊಂಡ್ಕಂಡ್ ತಿಂತೀರಾ!’ ಎಂದು ಆಕೆ ದನಿ ತಗ್ಗಿಸಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡಿದಳು. ‘ಬುಡಿ, ಬೇಜಾರ್ ಮಾಡ್ಕಬೇಡಿ’ ಎಂದು ನನಗೇ ಸಮಾಧಾನ ಹೇಳಿ, ಮಗಳನ್ನು ಶಾಲೆಯಲ್ಲಿ ಬಿಟ್ಟು ಹೋದಳು. ಆ ಮಧ್ಯಾಹ್ನ ಲಾವಣ್ಯ ಕೊನೆಯ ಬೆಂಚಿನಲ್ಲಿ ಕೂತಳು. ಕೈ ಎತ್ತಲಿಲ್ಲ.

ಮಾರನೆಯ ದಿನ ನಾನು ಹೋಗುವ ಹೊತ್ತಿಗೆ ಅವಳು ಒಬ್ಬಳೇ ಮೇಜಿನ ಹತ್ತಿರ ನಿಂತಿದ್ದಳು. ಗಡಗಡ ಕಾಯಿಯ ಪಕ್ಕ ಸುಲಿದ ಎರಡು ಕಾಯಿ, ಜುಟ್ಟು ಸಮೇತ, ನೀಟಾಗಿ ಕೂತಿದ್ದವು. ತೋಟದ ಕೆಲಸದವರಿಗೆ ಕಾಯಿ ಕೆಡವಿದಾಗ ಮನೆ ಖರ್ಚಿಗೆ ಎಂದು ಒಂದಿಷ್ಟು ಕೊಡುತ್ತಾರೆ. ಅದರಿಂದ ತೆಗೆದವು. ‘ಅಮ್ಮ ಕೊಟ್ರು ಮಿಸ್’ ಎಂದಳು. ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದಳು. ‘ಮಿಸ್‌ಗೆ ಮರ ಇಲ್ಲ ಅಂತ ಯಾರ್ಗೂ ಹೇಳ್ಬ್ಯಾಡ, ಪಾಪ, ಅವಮಾನ ಆಯ್ತದೆ ಅಂದ್ರು. ನಾನು ಯಾರ್ಗೂ ಹೇಳಕಿಲ್ಲ ಮಿಸ್.’

ನಾನು ಏನಾದರೂ ಹೇಳುವ ಮೊದಲು ಗಂಟೆ ಹೊಡೆಯಿತು, ಮಕ್ಕಳು ನುಗ್ಗಿದರು, ನಾನು ಹಾಜರಿ ತೆಗೆದುಕೊಂಡೆ. ಕಾಯಿ ಕಂಡರೆ ಸುಮ್ಮನಿರುವ ಊರೇ ನಮ್ಮದು? ಚೇತನ್ ಕೈ ಎತ್ತಿದ. ‘ಯಾರ್ ಕಾಯಿ ಮಿಸ್ ಅವು?’

ಈಗ ಹೇಳಬೇಕು ಎಂದುಕೊಂಡೆ. ದೇವರಾಣೆ, ಹೇಳಬೇಕು ಎಂದೇ ಉಸಿರೆಳೆದುಕೊಂಡೆ. ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಆ ಗಟ್ಟಿ ಗಂಟಲು ಬಂತು. ‘ಮಿಸ್ ತೋಟದ್ದು ಕಣ್ಲಾ. ಕೆಂಕೆರೇವು.’

ಅಷ್ಟು ಹೇಳಿ, ಕೈ ಎತ್ತದೆ ಮಾತಾಡಿದೆನಲ್ಲ ಎಂದು ನೆನಪಾಗಿ, ಅವಳು ತಾನಾಗಿಯೇ ಎದ್ದು ಕೈ ಕಟ್ಟಿ ನಿಂತಳು. ನನ್ನ ಕಾನೂನಿನ ಪ್ರಕಾರ. ನನ್ನ ಮಾನ ಉಳಿಸಿದ್ದಕ್ಕೆ.

ನಾನು ನಿಜ ಹೇಳಿದರೆ ಅವಳು ಇದೇ ಮಕ್ಕಳೆದುರು ಎರಡನೆಯ ಸಲ ಸುಳ್ಳಿಯಾಗುತ್ತಾಳೆ. ಹಾಗೆಂದು ಸುಮ್ಮನಿದ್ದೆ. ಅದು ಅವಳಿಗೋಸ್ಕರವೋ ನನಗೋಸ್ಕರವೋ ಎಂದು ನೀವು ಕೇಳಿದರೆ, ನನ್ನದೇ ಕಾನೂನಿನ ಆಸರೆ ಹಿಡಿದು ‘ಗೊತ್ತಿಲ್ಲ’ ಎನ್ನುತ್ತೇನೆ. ಬೇಗ ಬೇಗ ಗಡಗಡ ಕಾಯಿ ಎತ್ತಿಕೊಂಡು ಅಲ್ಲಾಡಿಸಿದೆ. ಅವಳು ಕೂತಳು. ಮಕ್ಕಳು ಕೈ ಕಟ್ಟಿದರು. ನಾನು ಕುರ್ಚಿಯ ಕಡೆ ಹೋಗದೆ ಗೋಡೆಯ ಕಡೆ ನಡೆದೆ. ಅಲ್ಲೇ ನಿಂತು ಪಾಠ ಶುರು ಮಾಡಿದೆ.

ಅರ್ಧ ಪೀರಿಯಡ್ ಆಗಿರಬೇಕು, ಮಂಡಿ ಚುರುಗುಟ್ಟುತ್ತಿತ್ತು. ಕೊನೆಯ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಎಷ್ಟೋ ದಿನದ ಮೇಲೆ ಎದ್ದ ಕೈ.

‘ಏನಮ್ಮ ಲಾವಣ್ಯ?’

‘ಮಿಸ್, ಮಂಡಿ ನೋವು ಅಂತಿದ್ರಲ್ಲ. ಕೂತ್ಕಳ್ರಿ.’

‘ಇರಲಿ ಕಣಮ್ಮ’ ಎಂದೆ. ಗಂಟೆ ಹೊಡೆಯುವವರೆಗೂ ಗೋಡೆ ಬಿಟ್ಟು ಕದಲಲಿಲ್ಲ. ಟೀಚರು ನಿಂತಿದ್ದರೆ ಅದು ಶಿಕ್ಷೆ ಎಂದು ಯಾರಿಗೂ ಅನಿಸುವುದಿಲ್ಲ.